ಒಂದು ಪ್ಯಾಂಟಿಗೆ 15 ಗ್ರಾಂ ದಾರ

(ಬಳ್ಳಾರಿಯಲ್ಲಿ ಜೀನ್ಸ್ ಯೂನಿಟ್‌ನವರೂ ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳೂ ಕೂಡಿದ್ದ ಒಂದು ಸಂಜೆಯ ಸಭೆಯಲ್ಲಿ ಆಡಿದ ಮಾತು. ಬರೆಯುವಾಗ ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಆಡಿಸಿದ್ದೇನೆ, ಆ ಹೊತ್ತಿಗೆ ಬಾಯಿಗೆ ಬಾರದ ಒಂದೆರಡು ಅಂಕಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈಗಷ್ಟೇ ನೀವು ಹೊದಿಸಿದ ಶಾಲಿನಿಂದಲೇ ಶುರುಮಾಡುತ್ತೇನೆ. ಸನ್ಮಾನದ ಶಾಲಿಗೆ ಬೆಂಕಿ ಇಡಬಾರದು, ಗೊತ್ತು. ಆದರೆ ಮೂವತ್ತು ವರ್ಷ ದಾರದ ಅಂಗಡಿಯಲ್ಲಿ ಕೂತವನಿಗೆ ಒಂದು ಚಾಳಿ ಅಂಟಿಕೊಂಡಿರುತ್ತದೆ: ಕೈಗೆ ಯಾವ ಬಟ್ಟೆ ಸಿಕ್ಕರೂ ಅಂಚಿನಿಂದ ಒಂದು ಎಳೆ ಕೀಳುವುದು. ಇಗೋ ಕಿತ್ತೆ. ಕಡ್ಡಿ ಗೀರಿದೆ. ನೋಡಿ, ಬೆಂಕಿ ತಾಗುವ ಮೊದಲೇ ಎಳೆ ಮುದುಡಿ ಹಿಂದೆ ಸರಿಯಿತು, ಕರಗಿತು, ಕಪ್ಪು ಹೊಗೆ ಬಿಟ್ಟಿತು, ತುದಿಯಲ್ಲಿ ಸಾಸಿವೆ ಕಾಳಿನಂಥ ಗಟ್ಟಿ ಗುಂಡಾಯಿತು. ಹತ್ತಿಯಾಗಿದ್ದರೆ ಕಾಗದದ ಹಾಗೆ ಉರಿದು ಬೂದಿಯಾಗುತ್ತಿತ್ತು. ಉಣ್ಣೆಯೋ ರೇಷ್ಮೆಯೋ ಆಗಿದ್ದರೆ ಕೂದಲು ಸುಟ್ಟ ವಾಸನೆ ಈ ಹೊತ್ತಿಗೆ ಮುಂದಿನ ಸಾಲಿಗೆ ಬಂದಿರುತ್ತಿತ್ತು. ಇದು ಪಾಲಿಯೆಸ್ಟರ್. ಅಂಚಿನ ಬಂಗಾರದ ಜರಿ ಅಂದರೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಗೆ ಅಲ್ಯೂಮಿನಿಯಂ ಲೇಪ ಕೊಟ್ಟು ದಾರದಷ್ಟು ಸಣ್ಣಗೆ ಸೀಳಿದ ಪಟ್ಟಿ. ನನ್ನ ಬೆನ್ನ ಹಿಂದಿನ ಬ್ಯಾನರ್ ಫ್ಲೆಕ್ಸೇ ಆಗಿದ್ದರೆ, ಫ್ಲೆಕ್ಸ್ ನಮ್ಮ ರಾಜ್ಯದಲ್ಲಿ 2016ರಿಂದ ನಿಷೇಧ, ಆದ್ದರಿಂದ ಅಲ್ಲ ಅಂದುಕೊಳ್ಳೋಣ, ಅದರ ಹೊಟ್ಟೆಯಲ್ಲೂ ಪಾಲಿಯೆಸ್ಟರ್ ನೂಲಿನ ಬಲೆ ಇರುತ್ತದೆ. ಬಟ್ಟೆಯ ಬ್ಯಾನರ್ ಅಂತ ಈಗ ಸಿಗುವುದೂ ಬಹುಪಾಲು ಅದೇ.

ಬಳ್ಳಾರಿ ಜೀನ್ಸಿನ ಊರು, ಪಕ್ಕದ ರಾಯಚೂರು ಹತ್ತಿಯ ಊರು, ಹಾಗಾಗಿ ನಮ್ಮ ಕಸುಬು ಹತ್ತಿಯದು ಅಂತ ನಾವೆಲ್ಲ ನಂಬಿದ್ದೇವೆ. ಅರ್ಧ ನಿಜ. ಉಳಿದರ್ಧ ಕಚ್ಚಾತೈಲದಿಂದ ಹುಟ್ಟಿ, ಹಡಗು ಹತ್ತಿ, ಸುಂಕದ ಕಟ್ಟೆ ದಾಟಿ ನಮ್ಮೂರಿನ ಕೌಲ್ ಬಜಾರಿಗೆ ಬರುತ್ತದೆ. ಇವತ್ತು ಮಾತಾಡಬೇಕಾದದ್ದು ಆ ಉಳಿದರ್ಧದ ಬಗ್ಗೆ.

ಒಂದು ಪ್ಯಾಂಟು ಬಿಚ್ಚಿ ನೋಡೋಣ. ಹೊಲಿಗೆ, ಓವರ್‌ಲಾಕ್ ಅನ್ನುವ ಅಂಚುಹೊಲಿಗೆ, ಜೇಬು, ಬೆಲ್ಟಿನ ಕೊಕ್ಕೆಪಟ್ಟಿ ಎಲ್ಲ ಸೇರಿ ಒಂದು ಜೀನ್ಸಿಗೆ 200ರಿಂದ 300 ಮೀಟರ್ ದಾರ ಹಿಡಿಯುತ್ತದೆ. ಅಂದಾಜಿಗೆ 250 ಅನ್ನಿ. ತೂಕ ಹಾಕಿದರೆ 15 ಗ್ರಾಂ ಸುಮಾರು. ದಿನಕ್ಕೆ 500 ಪ್ಯಾಂಟು ಹೊಲಿಯುವ ಯೂನಿಟ್‌ಗೆ 125 ಕಿಲೋಮೀಟರ್ ದಾರ ಬೇಕು, ಅಂದರೆ ಹೆಚ್ಚುಕಡಿಮೆ ಇಲ್ಲಿಂದ ಹೊಸಪೇಟೆಗೆ ಹೋಗಿ ಬರುವಷ್ಟು. ಅದು ಪೂರ್ತಿ ಪಾಲಿಯೆಸ್ಟರ್, ಇಲ್ಲವೇ ಒಳಗೆ ಪಾಲಿಯೆಸ್ಟರ್ ತಿರುಳಿಟ್ಟು ಮೇಲೆ ಹತ್ತಿ ಸುತ್ತಿದ್ದು. ಜಿಪ್ಪಿನ ಹಲ್ಲು ಹಿತ್ತಾಳೆಯದಾದರೂ ಅದನ್ನು ಹಿಡಿದಿರುವ ಪಟ್ಟಿ ಪಾಲಿಯೆಸ್ಟರ್. ಜೇಬಿನ ಒಳಬಟ್ಟೆ ಹತ್ತಿ-ಪಾಲಿಯೆಸ್ಟರ್ ಬೆರಕೆ. ಲೇಬಲ್ಲೂ ಪಾಲಿಯೆಸ್ಟರೇ. ಇನ್ನು ಸ್ಟ್ರೆಚ್ ಡೆನಿಮ್ ಆದರೆ ಅಡ್ಡನೂಲಿನ ಹೊಟ್ಟೆಯೊಳಗೆ ನೂರಕ್ಕೆ ಎರಡು ಪಾಲಿನಷ್ಟು ಸ್ಪ್ಯಾಂಡೆಕ್ಸ್, ನಮ್ಮ ಬಾಯಲ್ಲಿ ಲೈಕ್ರಾ, ಕೂತಿರುತ್ತದೆ. ಆ ಎರಡು ಪಾಲಿಗಾಗಿಯೇ ಗಿರಾಕಿ ಪ್ಯಾಂಟು ಕೊಳ್ಳುವುದು. ಕೂತರೆ ಎದ್ದರೆ ಮೊಣಕಾಲಿಗೆ ಬಿಗಿಯಬಾರದಲ್ಲ! ಅಷ್ಟೇ ಏಕೆ, ಜೀನ್ಸಿನ ನೀಲಿಯೂ ಗಿಡದಿಂದ ಬಂದು ನೂರು ವರ್ಷ ಮೀರಿತು. ಜರ್ಮನಿಯ ಬಿಎಎಸ್ಎಫ್ 1897ರಲ್ಲೇ ಕಾರ್ಖಾನೆಯ ನೀಲಿ ಮಾರಾಟಕ್ಕೆ ತಂದು ನಮ್ಮ ದೇಶದ ನೀಲಿ ಬೆಳೆಯನ್ನು ಮುಳುಗಿಸಿತು.

ದಾರದ ಸ್ವಭಾವ ನನಗೆ ಅರ್ಥವಾದದ್ದು ಪುಸ್ತಕ ಓದಿ ಅಲ್ಲ, ನಷ್ಟ ತಿಂದು. ಒಬ್ಬ ಗಿರಾಕಿ ಬಿಳಿ ಬಟ್ಟೆಯಲ್ಲಿ 400 ಪ್ಯಾಂಟು ಹೊಲಿದು, ಆಮೇಲೆ ಹೊಲಿದ ಪ್ಯಾಂಟನ್ನೇ ಬಣ್ಣಕ್ಕೆ ಹಾಕುವ ಆರ್ಡರ್ ಹಿಡಿದಿದ್ದ. ಅದಕ್ಕೆ ಹತ್ತಿ ದಾರವೇ ಬೇಕು. ಹೊರಗಿನ ಒಬ್ಬ ಸಗಟು ವ್ಯಾಪಾರಿಯಿಂದ ತರಿಸಿದ ದಾರದ ಕೋನುಗಳ ಮೇಲೆ ಹತ್ತಿ ಅಂತ ಚೀಟಿ ಇತ್ತು, ಬಿಲ್ಲಿನಲ್ಲೂ ಹಾಗೇ ಇತ್ತು. ನಾನು ಕಡ್ಡಿ ಗೀರಲಿಲ್ಲ. ವಾರ ಬಿಟ್ಟು ಗಿರಾಕಿ ಒಂದು ಹಸಿರು ಪ್ಯಾಂಟು ತಂದು ಕೌಂಟರ್ ಮೇಲೆ ಹರಡಿದ. "ಅಣ್ಣಾ, ಬಟ್ಟೆ ಬಣ್ಣ ಕುಡಿದೈತೆ, ದಾರ ಕುಡಿದಿಲ್ಲ ನೋಡು" ಅಂದ. ಹೊಲಿಗೆ ಅಷ್ಟೂ ಬೆಳ್ಳಗೆ ಹಲ್ಲು ಕಿರಿಯುತ್ತಿತ್ತು. ಹತ್ತಿಗೆ ಹಾಕುವ ಬಣ್ಣ ಪಾಲಿಯೆಸ್ಟರಿಗೆ ಹತ್ತುವುದಿಲ್ಲ. ಅದಕ್ಕೆ ಬೇರೆಯದೇ ಬಣ್ಣ ಬೇಕು, ಮುಚ್ಚಿದ ಯಂತ್ರದಲ್ಲಿ ಒತ್ತಡ ಕೊಟ್ಟು 130 ಡಿಗ್ರಿ ಕಾಯಿಸಬೇಕು. ಅರ್ಧ ನಷ್ಟ ನಾನು ಹೊತ್ತೆ. ಕಳಿಸಿದವನು ಫೋನು ಎತ್ತಲಿಲ್ಲ.

ಅದೇ ಮೊಂಡುತನ ಜೀನ್ಸಿನಲ್ಲಿ ಗುಣವಾಗುತ್ತದೆ. ಕಲ್ಲು ಹಾಕಿ, ಎನ್‌ಜೈಮ್ ಹಾಕಿ ಎಷ್ಟು ಸಲ ತೊಳೆದರೂ ಡೆನಿಮ್ ಮಾಸುತ್ತದೆ, ಅದರ ಮೇಲಿನ ಹಳದಿ ಜೋಡುಹೊಲಿಗೆ ಮಾಸುವುದಿಲ್ಲ. ಲೈಕ್ರಾ ಮಾತ್ರ ಅಷ್ಟು ಗಟ್ಟಿಗಿತ್ತಿಯಲ್ಲ. ಕ್ಲೋರಿನ್ ಬ್ಲೀಚ್ ಹೆಚ್ಚಾದರೆ ಅದು ಸತ್ತೇ ಹೋಗುತ್ತದೆ. ಮಂಡಿ ಜೋತುಬಿದ್ದ ಪ್ಯಾಂಟು ವಾಪಸ್ ಬಂದಾಗ ಹೊಲಿದವರನ್ನು ಬೈಯುವ ಮೊದಲು ವಾಷಿಂಗಿನಲ್ಲಿ ಏನು ಹಾಕಿದರು ಅಂತ ಕೇಳಿ.

ಈ ವಸ್ತುಗಳಿಗೆ ಬಹಳ ವಯಸ್ಸೇನಿಲ್ಲ. ನೈಲಾನ್ ಅನ್ನು ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ವಾಲೇಸ್ ಕರೋದರ್ಸ್ ತಂಡ 1935ರಲ್ಲಿ ಮಾಡಿತು. ಮಾರುಕಟ್ಟೆಗೆ ಮೊದಲು ಬಂದದ್ದು ಹಲ್ಲುಜ್ಜುವ ಬ್ರಶ್ಶಿನ ರೂಪದಲ್ಲಿ. ಪಾಲಿಯೆಸ್ಟರ್ ನಾರು 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕೈಯಲ್ಲಿ ಹುಟ್ಟಿತು, ಟೆರಿಲಿನ್ ಅನ್ನುವ ಹೆಸರು ಪಡೆಯಿತು. ಇಲ್ಲಿರುವ ಹಿರಿಯರಿಗೆ ಟೆರಿಲಿನ್ ಶರ್ಟು, ಟೆರಿಕಾಟ್ ಪ್ಯಾಂಟಿನ ಗತ್ತು ನೆನಪಿರಬೇಕು. ಇಸ್ತ್ರಿ ಬೇಡ, ಮದುವೆಗೂ ಅದೇ, ಮರುದಿನ ಆಫೀಸಿಗೂ ಅದೇ. ಬೇಸಿಗೆಯಲ್ಲಿ ಬಳ್ಳಾರಿಯ ಬಿಸಿಲಿಗೆ ಅದನ್ನು ತೊಟ್ಟವರ ತಾಳ್ಮೆ ದೊಡ್ಡದು. ಸ್ಪ್ಯಾಂಡೆಕ್ಸ್ 1958ರದು.

ಇಲ್ಲೊಂದು ಹೆಸರಿನ ಗೋಜಲು ಇದೆ. ಕನ್ನಡದಲ್ಲಿ ಎಲ್ಲಕ್ಕೂ ಕೃತಕ ನೂಲು ಅಂದುಬಿಡುತ್ತೇವೆ. ಸುಂಕದ ಪುಸ್ತಕ ಹಾಗೆ ಬಿಡುವುದಿಲ್ಲ. ತೈಲದಿಂದ ಬಂದದ್ದು ಸಿಂಥೆಟಿಕ್, ಮರದ ತಿರುಳಿನಿಂದ ಬಂದದ್ದು ಆರ್ಟಿಫಿಶಿಯಲ್. ಎರಡನೆಯದು ರೇಯಾನ್, ವಿಸ್ಕೋಸ್. ಅದರದೊಂದು ದೊಡ್ಡ ಕಾರ್ಖಾನೆ ನಮ್ಮ ತುಂಗಭದ್ರೆಯ ದಂಡೆಯಲ್ಲೇ, ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿದೆ. ನೀಲಗಿರಿ ಮರ ಒಳಗೆ ಹೋಗುತ್ತದೆ, ಹತ್ತಿಯಂಥ ಬಿಳಿ ನಾರು ಹೊರಗೆ ಬರುತ್ತದೆ. ಕುಷ್ಟಗಿ ದಾಟಿದರೆ ಸಿಗುವ ಇಳಕಲ್ಲಿನ ಸೀರೆಗಳಲ್ಲಿ ನೇಕಾರರು ಚಮಕಾ ಅನ್ನುವುದೂ ರೇಷ್ಮೆಯಲ್ಲ, ರೇಯಾನ್. ಕಡ್ಡಿ ಗೀರಿ ನೋಡುವ ಉಪಾಯ ಇಲ್ಲಿ ಕೈಕೊಡುತ್ತದೆ. ರೇಯಾನ್ ಕೂಡ ಹತ್ತಿಯ ಹಾಗೇ ಉರಿಯುತ್ತದೆ, ಎರಡೂ ಮೂಲದಲ್ಲಿ ಒಂದೇ ವಸ್ತು.

ಇನ್ನು ಪಾಲಿಯೆಸ್ಟರ್ ಆಗುವ ಬಗೆ. ಕಚ್ಚಾತೈಲದಿಂದ ನಾಫ್ತಾ, ಅದರಿಂದ ಪ್ಯಾರಾಕ್ಸೈಲಿನ್, ಅದರಿಂದ ಪಿಟಿಎ ಅನ್ನುವ ಬಿಳಿ ಪುಡಿ. ಇನ್ನೊಂದು ದಾರಿಯಲ್ಲಿ ಎಂಇಜಿ ಅನ್ನುವ ದ್ರವ. ಒಂದು ಕಿಲೋ ಪಾಲಿಯೆಸ್ಟರಿಗೆ ಸುಮಾರು 860 ಗ್ರಾಂ ಪಿಟಿಎ, 340 ಗ್ರಾಂ ಎಂಇಜಿ ಬೇಕು. ಲೆಕ್ಕ ಹೆಚ್ಚಾಯಿತು ಅನ್ನಬೇಡಿ, ಮಿಕ್ಕಿದ್ದು ನೀರಾಗಿ ಹೋಗುತ್ತದೆ. ಕರಗಿದ ರಸವನ್ನು ಸಣ್ಣ ತೂತುಗಳ ತಟ್ಟೆಯಿಂದ, ಶಾವಿಗೆ ಒತ್ತಿದ ಹಾಗೆ ಒತ್ತುತ್ತಾರೆ. ಎಳೆ ತಣ್ಣಗಾಗುತ್ತ ನಿಮಿಷಕ್ಕೆ ಮೂರು ಸಾವಿರ ಮೀಟರ್ ವೇಗದಲ್ಲಿ ಸುತ್ತಿಕೊಳ್ಳುತ್ತದೆ. ಅರ್ಧ ಎಳೆದದ್ದು ಪಿಒವೈ. ಅದನ್ನು ಬಿಸಿಯಲ್ಲಿ ಇನ್ನಷ್ಟು ಎಳೆದು, ತಿರುವಿ, ಉಬ್ಬಿಸಿದರೆ ಡಿಟಿವೈ. ಸೀರೆ, ಶರ್ಟು, ಪರದೆ ಬಟ್ಟೆಗೆ ಹೋಗುವುದು ಹೆಚ್ಚಾಗಿ ಇದು. ಉದ್ದ ಎಳೆಯನ್ನು ಹತ್ತಿಯ ಅಳತೆಗೆ ಕತ್ತರಿಸಿ ಮತ್ತೆ ನೂತರೆ ಸ್ಪನ್ ನೂಲು.

ಇದನ್ನು ಅಳೆಯುವ ರೀತಿ ಹೊಸಬರನ್ನು ಬೇಸ್ತುಬೀಳಿಸುತ್ತದೆ. 9000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಚೀಟಿಯ ಮೇಲೆ 75/36 ಅಂತಿದ್ದರೆ 75 ಡೆನಿಯರ್ ನೂಲು, ಒಳಗೆ 36 ಎಳೆ. ಹತ್ತಿಯ ಕೌಂಟ್ ಇದಕ್ಕೆ ತಿರುಗುಮುರುಗು. ಅಲ್ಲಿ 840 ಗಜದ ಲಡಿ ಒಂದು ಪೌಂಡಿಗೆ ಎಷ್ಟು ಬರುತ್ತವೆ ಅನ್ನುವುದು ಲೆಕ್ಕ, ಹಾಗಾಗಿ ಅಂಕಿ ಏರಿದಷ್ಟೂ ನೂಲು ಸಣ್ಣ. ಡೆನಿಯರಿನಲ್ಲಿ ಅಂಕಿ ಏರಿದಷ್ಟೂ ದಪ್ಪ. ಹತ್ತಿ ಅಂಗಡಿಯಿಂದ ನನ್ನ ಅಂಗಡಿಗೆ ಕೆಲಸಕ್ಕೆ ಬಂದ ಹುಡುಗರು ಮೊದಲ ತಿಂಗಳು ಇದರಲ್ಲಿ ತಪ್ಪದೆ ಎಡವುತ್ತಿದ್ದರು.

ವಾಣಿಜ್ಯದ ವಿದ್ಯಾರ್ಥಿಗಳು ಇದೊಂದನ್ನು ಬರೆದುಕೊಳ್ಳಿ. ಗಡಿ ದಾಟುವ ಪ್ರತಿ ಸರಕಿಗೂ ಒಂದು ಎಚ್ಎಸ್ ಸಂಖ್ಯೆ ಇದೆ. ವಿಶ್ವ ಕಸ್ಟಮ್ಸ್ ಸಂಸ್ಥೆಯ ಈ ಪಟ್ಟಿ 1988ರಿಂದ ಜಾರಿಯಲ್ಲಿದೆ. ಸಿಂಥೆಟಿಕ್ ಉದ್ದೆಳೆ ನೂಲು 5402, ರೇಯಾನಿನದು 5403, ತುಂಡುನಾರಿನಿಂದ ನೂತದ್ದು 5509. ಹೊಲಿಗೆ ದಾರ ಉದ್ದೆಳೆಯದಾದರೆ 5401, ತುಂಡುನಾರಿನದಾದರೆ 5508. ನೂಲು ಯಾವಾಗ ದಾರ ಆಗುತ್ತದೆ ಅನ್ನುವುದಕ್ಕೂ ನಿಯಮ ಉಂಟು. ಎರಡು ಮೂರು ಎಳೆ ಹೊಸೆದಿರಬೇಕು, ಕೋನ್ ಸಮೇತ ತೂಕ 1000 ಗ್ರಾಂ ಮೀರಬಾರದು, ಹೊಲಿಗೆಗೆ ಬೇಕಾದ ಲೇಪ ಆಗಿರಬೇಕು, ಕೊನೆಯ ತಿರುಪು ಇಂಗ್ಲಿಷಿನ ಝಡ್ ಅಕ್ಷರದ ಓರೆಯಲ್ಲಿರಬೇಕು. ಕೊನೆಯದು ಅಧಿಕಾರಿಗಳ ಹುಚ್ಚು ಅನ್ನಿಸಬಹುದು. ನಮ್ಮ ಹೊಲಿಗೆ ಮಿಷನ್‌ಗಳಲ್ಲಿ ಇದಕ್ಕೆ ಉಲ್ಟಾ ತಿರುಪಿನ ದಾರ ಏರಿಸಿ ನೋಡಿ, ನಾಲ್ಕು ಮಾರು ಹೊಲಿಯುವಷ್ಟರಲ್ಲಿ ಹೊಸೆತ ಬಿಚ್ಚಿಕೊಂಡು ತುಂಡಾಗುತ್ತದೆ.

ಹೆಸರು ಬದಲಾದರೆ ದುಡ್ಡು ಬದಲಾಗುತ್ತದೆ. ನೂರಕ್ಕೆ 85 ಅಥವಾ ಅದಕ್ಕಿಂತ ಹೆಚ್ಚು ಹತ್ತಿಯಿರುವ ದಪ್ಪ ಡೆನಿಮ್ 5209ರಲ್ಲಿ ಕೂರುತ್ತದೆ. ಪಾಲಿಯೆಸ್ಟರ್ ಬೆರೆಸಿ ಹತ್ತಿ ಅದಕ್ಕಿಂತ ಇಳಿದರೆ 5211ಕ್ಕೆ ಜಾರುತ್ತದೆ. ಹೊಲಿದ ಪ್ಯಾಂಟಿಗೆ ತೂಕದಲ್ಲಿ ಯಾವ ನಾರು ಹೆಚ್ಚೋ ಅದರ ಹೆಸರು. ಅಮೆರಿಕಕ್ಕೆ ಹೋಗುವ ಗಂಡಸರ ಹತ್ತಿ ಪ್ಯಾಂಟಿಗೆ ಮೂಲ ಸುಂಕ ಶೇ 16.6, ಸಿಂಥೆಟಿಕ್ ಪ್ಯಾಂಟಿಗೆ ಶೇ 27.9. 2025ರಲ್ಲಿ ಅದರ ಮೇಲೆ ಹೇರಿದ ಹೆಚ್ಚುವರಿ ಸುಂಕಗಳು ಬೇರೆ. ಅಂದರೆ ಹತ್ತಿ 51, ಪಾಲಿಯೆಸ್ಟರ್ 49 ಇದ್ದರೆ ಒಂದು ದರ, ತಿರುಗಿಸಿ ಇಟ್ಟರೆ ಇನ್ನೊಂದು. ನೂಲಿನಂತೆ ಸೀರೆ ಅಂತ ಗಾದೆ, ನೂಲಿನಂತೆ ಸುಂಕ ಅಂತ ಸೇರಿಸಿಕೊಳ್ಳಿ.

ಮತ್ತೊಂದು ಚೆಂದದ ಗೆರೆ: ಐದು ಮಿಲಿಮೀಟರ್. ಗಂಗಾವತಿ, ಕಾರಟಗಿ, ಸಿಂಧನೂರಿನ ಅಕ್ಕಿ ಗಿರಣಿಗಳ ಬಿಳಿ ಚೀಲ ಇದೆಯಲ್ಲ, ಅದನ್ನು ಪಾಲಿಪ್ರೊಪಿಲಿನ್ ಪಟ್ಟಿಯಿಂದ ನೇಯುತ್ತಾರೆ. ಆ ಪಟ್ಟಿಯ ಅಗಲ ಐದು ಮಿಲಿಮೀಟರ್ ಒಳಗಿದ್ದರೆ ಸುಂಕದ ಪುಸ್ತಕದಲ್ಲಿ ಅದು ಜವಳಿ, ಮೀರಿದರೆ ಪ್ಲಾಸ್ಟಿಕ್.

ಚೀಲದ ಮಾತು ಬಂತು, ಬಟ್ಟೆ ಬಿಟ್ಟು ಸುತ್ತ ನೋಡೋಣ. ಈ ನೂಲನ್ನು ಉಡುವುದಕ್ಕಿಂತ ದುಡಿಸಿಕೊಳ್ಳುವುದರಲ್ಲಿ ನಮ್ಮ ಸೀಮೆ ಮುಂದು. ಸಂಡೂರಿನ ಗಣಿಗಳಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಅದಿರು ಸಾಗಿಸುವ ರಬ್ಬರ್ ಬೆಲ್ಟಿನ ಒಳಗೆ ಬಟ್ಟೆಯ ಪದರಗಳಿರುತ್ತವೆ. ಬೆಲ್ಟಿನ ಮೇಲೆ ಇಪಿ ಅಂತ ಅಚ್ಚು ಇದ್ದರೆ ಉದ್ದಕ್ಕೆ ಪಾಲಿಯೆಸ್ಟರ್ ನೂಲು, ಅಡ್ಡಕ್ಕೆ ನೈಲಾನ್. ಏಕೆ ಹೀಗೆ? ಉದ್ದಕ್ಕೆ ಹಿಗ್ಗಿದರೆ ಬೆಲ್ಟು ಸಡಿಲಾಗಿ ಉರುಳೆಯ ಮೇಲೆ ಜಾರುತ್ತದೆ. ಪಾಲಿಯೆಸ್ಟರ್ ಹಿಗ್ಗುವುದು ಕಡಿಮೆ. ಅಡ್ಡಕ್ಕೆ ಮಾತ್ರ ಅದು ದೊನ್ನೆಯ ಹಾಗೆ ಬಾಗಿ ಅದಿರು ಹಿಡಿಯಬೇಕು, ಬಂಡೆ ಬಿದ್ದರೆ ತಾಳಿಕೊಳ್ಳಬೇಕು. ಅದಕ್ಕೆ ನೈಲಾನೇ ಸರಿ. ಅದಿರು ಲಾರಿಯ ಹಳೇ ಮಾದರಿ ಟೈರಿನೊಳಗೂ ನೈಲಾನ್ ಹುರಿ. ಗಿಣಿಗೇರಾ ಕಡೆಯ ಕಬ್ಬಿಣದ ಘಟಕಗಳಲ್ಲಿ ಹೊಗೆಯ ದೂಳು ಹಿಡಿಯುವ ಉದ್ದನೆಯ ಚೀಲಗಳು ಪಾಲಿಯೆಸ್ಟರ್ ನಾರಿನವು. ಬಿಸಿ ಇನ್ನೂ ಹೆಚ್ಚಿದ್ದಲ್ಲಿ ಗಾಜಿನ ನಾರೋ, ಬಿಸಿ ತಾಳುವ ಅರಾಮಿಡ್ ನಾರೋ ಬೇಕಾಗುತ್ತದೆ. ಆ ಚೀಲ ಹರಿದರೆ ಕೊಪ್ಪಳದವರ ಮಾಳಿಗೆ ಮೇಲೆ ಏನು ಕೂರುತ್ತದೆ ಅಂತ ಅಲ್ಲಿನವರಿಗೆ ನಾನು ಹೇಳಬೇಕಿಲ್ಲ. ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನ ಮೀನುಬಲೆ ನೈಲಾನು. ಆನೆಗೊಂದಿಯ ಹರಿಗೋಲಿಗೆ ತೊಗಲು ಹೋಗಿ ನೇಯ್ದ ಪ್ಲಾಸ್ಟಿಕ್ ಹಾಳೆ ಬಂದಿದೆ. ಕಡೆಗೆ ರಾಷ್ಟ್ರಧ್ವಜ ಕೂಡ: 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಬಾವುಟ ಹೊಲಿಯುವ ಹೆಣ್ಣುಮಕ್ಕಳ ಮುಂದೆ ನನಗೆ ಅದನ್ನು ಸಮರ್ಥಿಸುವ ಬಾಯಿಲ್ಲ.

ಈಗ ಅಂತರರಾಷ್ಟ್ರೀಯ ವ್ಯಾಪಾರ. ಜಗತ್ತಿನಲ್ಲಿ ತಯಾರಾಗುವ ಎಲ್ಲ ನಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಯೆಸ್ಟರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಚೀನಾದ್ದು, ಮುಖ್ಯವಾಗಿ ಝೆಜಿಯಾಂಗ್, ಜಿಯಾಂಗ್ಸು ಪ್ರಾಂತ್ಯಗಳದ್ದು. ಎರಡನೇ ಸ್ಥಾನ ನಮ್ಮದು, ಬಹುದೂರದ ಎರಡನೆಯದು. ನಮ್ಮ ನೂಲು ತುರ್ಕಿಗೆ, ಬ್ರೆಜಿಲ್‌ಗೆ, ಬಾಂಗ್ಲಾದೇಶಕ್ಕೆ ಹೋಗುತ್ತದೆ. ಚೀನಾದ ನೂಲು ನಮ್ಮಲ್ಲಿಗೆ ಬರುತ್ತದೆ. ಇದು ವಿಚಿತ್ರ ಅನ್ನಿಸಿದರೆ, ರಾಯಚೂರಿನ ಹತ್ತಿ ತಮಿಳುನಾಡಿಗೆ ಹೋಗಿ ನೂಲಾಗಿ ಮತ್ತೆ ನಮ್ಮ ಮಗ್ಗಕ್ಕೆ ಬರುವುದನ್ನು ನೆನೆಸಿಕೊಳ್ಳಿ.

ಹಳೆಯ ಕಾಲದಲ್ಲಿ, ಅಂದರೆ 1974ರಿಂದ 2004ರ ಕೊನೆಯವರೆಗೆ, ಶ್ರೀಮಂತ ದೇಶಗಳು ಯಾವ ದೇಶದಿಂದ ಎಷ್ಟು ಜವಳಿ ಅಂತ ಕೋಟಾ ಕಟ್ಟಿಟ್ಟಿದ್ದವು. 2005ರ ಜನವರಿ 1ಕ್ಕೆ ಕೋಟಾ ಹೋಯಿತು, ಜಗಳ ಹೋಗಲಿಲ್ಲ. ಈಗಿನ ಆಯುಧದ ಹೆಸರು ಆ್ಯಂಟಿ ಡಂಪಿಂಗ್ ಸುಂಕ. ತನ್ನ ಊರಿನ ಬೆಲೆಗಿಂತ ಅಗ್ಗಕ್ಕೆ ನಮ್ಮೂರಲ್ಲಿ ಸುರಿದು ನಮ್ಮವರನ್ನು ಮುಳುಗಿಸುತ್ತಿದ್ದಾನೆ ಅಂತ ತನಿಖೆಯಲ್ಲಿ ತೋರಿಸಿದರೆ ಹೆಚ್ಚಿಗೆ ಸುಂಕ ಹಾಕಬಹುದು. ನಾವು ಚೀನಾ, ಕೊರಿಯಾ, ವಿಯೆಟ್ನಾಂನ ಲೈಕ್ರಾ ನೂಲಿನ ಮೇಲೆ 2017ರಲ್ಲಿ ಹಾಕಿದೆವು. ಅಮೆರಿಕ ನಮ್ಮ ಮತ್ತು ಚೀನಾದ ಪಾಲಿಯೆಸ್ಟರ್ ಟೆಕ್ಸ್ಚರ್ಡ್, ಅಂದರೆ ಉಬ್ಬಿಸಿದ, ನೂಲಿನ ಮೇಲೆ 2020ರ ಜನವರಿಯಲ್ಲಿ ಹಾಕಿತು. ನಾವು ದೂರುವವರೂ ಹೌದು, ದೂರಿಸಿಕೊಳ್ಳುವವರೂ ಹೌದು.

ಇದರಲ್ಲಿ ಹೊಲಿಯುವವನ ಪಾಲೇನು? ಪಿಟಿಎ ಮಾಡುವವರು ದೇಶದಲ್ಲಿ ಬೆರಳೆಣಿಕೆಯಷ್ಟು, ಎಲ್ಲ ದೊಡ್ಡವರು. ಹೊರಗಿನ ಪಿಟಿಎಗೆ ಆ್ಯಂಟಿ ಡಂಪಿಂಗ್ ಸುಂಕ ಬಿದ್ದರೆ ಅವರಿಗೆ ನೆಮ್ಮದಿ. ಆ ಪುಡಿಯಿಂದ ನೂಲು, ನೂಲಿನಿಂದ ದಾರ, ದಾರದಿಂದ ಪ್ಯಾಂಟು ಅಂತ ಇಳಿಯುತ್ತ ಬಂದ ಹಾಗೆ ಜನ ಹೆಚ್ಚು, ಬಂಡವಾಳ ಕಡಿಮೆ, ಭಾರ ಮಾತ್ರ ಕೆಳಗಿನವರ ಮೇಲೆ. 2020ರ ಬಜೆಟ್ಟಿನಲ್ಲಿ ಪಿಟಿಎ ಮೇಲಿನ ಆ ಸುಂಕ ತೆಗೆದರು. ಒಳ್ಳೆಯದಾಯಿತು ಅಂದುಕೊಳ್ಳುವಷ್ಟರಲ್ಲಿ, 2023ರಲ್ಲಿ ಪಾಲಿಯೆಸ್ಟರ್ ನೂಲಿಗೆ ಭಾರತೀಯ ಮಾನಕ ಸಂಸ್ಥೆಯ ಬಿಐಎಸ್ ಗುರುತು ಕಡ್ಡಾಯ ಮಾಡುವ ಗುಣಮಟ್ಟ ಆದೇಶ ಬಂತು. ಗುಣಮಟ್ಟ ಯಾರಿಗೆ ಬೇಡ? ಆದರೆ ಹೊರಗಿನ ಕಾರ್ಖಾನೆಗೆ ಆ ಪರವಾನಗಿ ಸಿಗುವುದು ತಡವಾದರೆ ಅದೂ ಗೋಡೆಯೇ. 2025ರ ನವೆಂಬರಿನಲ್ಲಿ ಆ ಆದೇಶಗಳನ್ನೂ ಹಿಂದಕ್ಕೆ ಪಡೆದರು. ಅದೇ ವರ್ಷ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ ಹಳೇ ವಕ್ರತೆಯೂ ನೇರವಾಯಿತು. ಅಲ್ಲಿಯವರೆಗೆ ಕೃತಕ ನಾರಿಗೆ ಶೇ 18, ನೂಲಿಗೆ 12, ಬಟ್ಟೆಗೆ 5 ಇತ್ತು. ಕೊಳ್ಳುವಾಗ ಹೆಚ್ಚು ಕಟ್ಟಿ, ಮಾರುವಾಗ ಕಡಿಮೆ ವಸೂಲು ಮಾಡಿ, ವ್ಯತ್ಯಾಸದ ದುಡ್ಡಿಗೆ ಕಾಯುತ್ತ ಕೂರಬೇಕಿತ್ತು. ಈಗ ಮೂರಕ್ಕೂ ಶೇ 5. ಮೇಲಿನವರಿಗೆ ರಕ್ಷಣೆ ಕೊಡುವುದಾದರೆ ಅದಕ್ಕೆ ಮುಗಿಯುವ ತಾರೀಕು ಮೊದಲೇ ಬರೆದಿಡಬೇಕು ಅನ್ನುವುದು ನನ್ನ ಹಟ.

ಬೆಲೆಯ ವಿಚಾರ ಚುಟುಕಾಗಿ. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾತೈಲದ ಬೆಲೆ ಸೊನ್ನೆಗಿಂತ ಕೆಳಗೆ ಹೋಯಿತು. ಲಾಕ್‌ಡೌನಿನಲ್ಲಿ ಶಟರ್ ಎಳೆದು ಕೂತಿದ್ದ ನನಗೆ ಗೆಳೆಯರು ಫೋನು ಮಾಡಿ, ಇನ್ನು ದಾರ ಪುಕ್ಕಟೆಯಾ ಅಂತ ನಕ್ಕರು. ಆಗಲಿಲ್ಲ. ಕೋನಿನ ಬೆಲೆಯಲ್ಲಿ ತೈಲದ ಜತೆಗೆ ಕರೆಂಟು, ಬಣ್ಣ, ಹಡಗು ಬಾಡಿಗೆ, ಡಾಲರ್ ಎಲ್ಲ ಕೂತಿರುತ್ತವೆ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ತುರ್ಕಿ, ಯುರೋಪಿನ ಕಂಟೇನರುಗಳು ಆಫ್ರಿಕಾ ಸುತ್ತಿ ಹೋಗಬೇಕಾಯಿತು. ಹತ್ತಿಯೂ ಇದಕ್ಕೆ ಕೊಂಡಿ. 2022ರ ಮೇ ತಿಂಗಳಲ್ಲಿ 356 ಕಿಲೋದ ಒಂದು ಕ್ಯಾಂಡಿ ಹತ್ತಿ ಲಕ್ಷ ರೂಪಾಯಿ ದಾಟಿತು. ಹತ್ತಿ ಹೀಗೆ ಏರಿದಾಗಲೆಲ್ಲ ಗಿರಣಿಗಳ ಕಣ್ಣು ಪಾಲಿಯೆಸ್ಟರ್ ಬೆರಕೆಯ ಕಡೆ ಹೊರಳುತ್ತದೆ. ಹಾಗಾಗಿ ರಾಯಚೂರಿನ ರೈತ ಎಪಿಎಂಸಿಯಲ್ಲಿ ನಿಂತು ಕೇಳುವ ಬೆಲೆಗೆ ಮೇಲಿನಿಂದ ಒಂದು ಮುಚ್ಚಳ ಇದೆ, ಆ ಮುಚ್ಚಳದ ಕೀಲಿ ಝೆಜಿಯಾಂಗ್‌ನಲ್ಲಿದೆ.

ಮಾತು ಮುಗಿದ ಮೇಲೆ ಮೂರು ಪ್ರಶ್ನೆ ಬಂದವು. ಎರಡಕ್ಕೆ ಉತ್ತರ ಮೇಲೆಯೇ ಸೇರಿದೆ. ಮೂರನೆಯದು ಓವರ್‌ಲಾಕ್ ಮಿಷನ್ ಮೇಲೆ ಕೂರುವ ಒಬ್ಬ ಹೆಣ್ಣುಮಗಳದು. "ಸರ್, ದಿನಾ ಸಂಜೆ ಒಂದು ಚೀಲ ದಾರದ ಚೂರು, ಬಟ್ಟೆ ಚೂರು ಬೀಳ್ತೈತೆ. ಹಿಂದಿನ ಓಣಿಯಾಗ ಸುಡ್ತಾರೆ, ಕಣ್ಣು ಉರಿತಾವೆ. ಅದಕ್ಕೇನಾದ್ರೂ ಬೆಲೆ ಐತೇನು?"

ಇದೆ ತಾಯಿ ಅಂದೆ. ಬರೀ ಹತ್ತಿ ಡೆನಿಮ್ ಚೂರಾದರೆ ಪಾಣಿಪತ್ ಕಡೆ ಹರಿದು ಮತ್ತೆ ನೂಲು ಮಾಡುವವರು ಕೊಳ್ಳುತ್ತಾರೆ. ಲೈಕ್ರಾ ಬೆರೆತದ್ದಕ್ಕೆ ರೇಟು ಕಡಿಮೆ, ಅದು ಯಂತ್ರಕ್ಕೆ ಸುತ್ತಿಕೊಳ್ಳುತ್ತದೆ. ಹತ್ತಿ, ಸ್ಟ್ರೆಚ್, ದಾರ ಮೂರನ್ನೂ ಒಂದೇ ಚೀಲಕ್ಕೆ ತುಂಬಿದರೆ ಎಲ್ಲಕ್ಕೂ ಕೆಳಗಿನ ರೇಟೇ. ಹಾಗಾಗಿ ಕಟಿಂಗ್ ಟೇಬಲ್ಲಿನ ಪಕ್ಕ ಮೂರು ಚೀಲ ಕಟ್ಟಿ ಅಂತ ನಿಮ್ಮ ಮಾಲೀಕರಿಗೆ ಹೇಳಿ: ಹತ್ತಿಗೊಂದು, ಸ್ಟ್ರೆಚ್‌ಗೊಂದು, ದಾರಕ್ಕೊಂದು. ಯಾವುದು ಯಾವುದು ಅಂತ ಅನುಮಾನ ಬಂದರೆ ಒಂದು ಎಳೆ ಕಿತ್ತು ಕಡ್ಡಿ ಗೀರಿ. ಚೀಲದಿಂದ ದೂರ ನಿಂತು. ಮಾಲೀಕರು ಮೂರನೇ ಸಾಲಿನಲ್ಲೇ ಕೂತಿದ್ದರಂತೆ, ಆಕೆ ತಿರುಗಿ ಅವರ ಕಡೆ ನೋಡಿದಳು.